ಕಣಿವೆ ಎಂಬ ಪದ

'ಕಣಿವೆ' ಎಂದರೆ ತಗ್ಗುಪ್ರದೇಶವೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಚಿಕ್ಕನಾಯಕನಹಳ್ಳಿ ಸೀಮೆಯ ಬಳಕೆಯಲ್ಲಿ ಅದು ಎರಡು ಗುಡ್ಡಗಳ ನಡುವಿನ ಸಂದು, ದಾಟುವ ದಾರಿ. ಮಾದಲಿಂಗನ ಕಣಿವೆಯಲ್ಲಿ ರಸ್ತೆ ಸಾಗುತ್ತದೆ. ಬೋರನಕಣಿವೆಯಲ್ಲಿ ಸುವರ್ಣಮುಖಿ ಹರಿಯುತ್ತಿತ್ತು. ದಾರಿಗನೂ ನದಿಯೂ ಅರಸುವುದು ಇಂಥ ಸಂದನ್ನೇ. ಮೈಸೂರು ಅರಸರ ಕಾಲದಲ್ಲಿ ಅಣೆಕಟ್ಟೆಗೆ ಆಯ್ದುಕೊಂಡದ್ದೂ ಅದನ್ನೇ. 1907ರಲ್ಲಿ ಮುಗಿದ ವೇದಾವತಿಯ ಮಾರಿಕಣಿವೆಯ ತರ್ಕವೂ ಬೇರೆಯಲ್ಲ.

ಈ ಅರ್ಥ ನನಗೆ ಸ್ಪಷ್ಟವಾದದ್ದು ನಡಿಗೆಯಲ್ಲಿ. ಕಳೆದ ಮಾರ್ಗಶಿರದಲ್ಲಿ ನಾವು ಐವರು ಮಿತ್ರರು ಬೆಟ್ಟಸಾಲಿನ ಮೇಲೆ ಹಗಲಿಡೀ ನಡೆದು ಬೋರನಕಣಿವೆಯ ಹಿನ್ನೀರಿಗೆ ಇಳಿದೆವು. ದಾರಿ ತೋರಲು ಬಂದಿದ್ದ ಹಿರಿಯ ಕುರಿಗಾಹಿಯೊಬ್ಬರು ಪ್ರತಿ ಸಂದಿಗೂ ಒಂದು ಹೆಸರು ಹೇಳುತ್ತಿದ್ದರು. ನಮ್ಮ ಕೈಯಲ್ಲಿದ್ದ ನಕಾಶೆಯಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ. ಅದಿರಿಗಾಗಿ ಅಗೆದ ಗುಡ್ಡವೊಂದರ ಬಳಿ ಮಾತ್ರ, "ಇಲ್ಲೊಂದು ಕಣಿವೆ ಇತ್ತು ಸ್ವಾಮಿ" ಎಂದಷ್ಟೇ ಹೇಳಿ ಮುಂದೆ ನಡೆದರು.

2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಆದರೆ ಅಗೆದ ಗುಡ್ಡ ಮರಳಿ ಬೆಳೆಯದು. ಗುಡ್ಡ ಅಳಿದರೆ ಸಂದಿಲ್ಲ, ಸಂದು ಅಳಿದರೆ ಹೆಸರಿಗೆ ನೆಲೆಯಿಲ್ಲ. ಶಾಸನಗಳಲ್ಲಿ ಊರುಗಳ ಹಳೆಯ ಹೆಸರನ್ನು ಹುಡುಕುವ ನಾವು, ಬದುಕಿರುವವರ ಬಾಯಲ್ಲಿನ ಹೆಸರುಗಳನ್ನೂ ಅದೇ ಶ್ರದ್ಧೆಯಿಂದ ಬರೆದಿಡಬೇಕು. ಅದಕ್ಕೆ ಅವರೊಡನೆ ನಡೆಯಬೇಕು.