ಅಪ್ಪಯ್ಯ ನೋಡಿದ ಮುಂಬಯಿ ಮಾಲುಗಳು

ಮುಂಬಯಿಯಲ್ಲಿ ಬೆಸ್ಟ್ ಮಾಲ್ ಯಾವುದು ಅಂತ ಆಫೀಸಿನಲ್ಲಿ ಕೇಳಿ ನೋಡಿ, ತಲೆಗೊಂದು ಹೆಸರು ಬರುತ್ತದೆ. ಮಲಾಡಿನವರಿಗೆ ಇನ್‌ಆರ್ಬಿಟ್, ಘಾಟ್ಕೋಪರಿನವರಿಗೆ ಆರ್ ಸಿಟಿ, ಸಂಬಳ ಜಾಸ್ತಿ ಇದ್ದವರಿಗೆ ಲೋವರ್ ಪರೇಲಿನ ಫೀನಿಕ್ಸ್ ಪಲ್ಲಾಡಿಯಂ, ಇನ್‌ಸ್ಟಾಗ್ರಾಂ ಜಾಸ್ತಿ ಇದ್ದವರಿಗೆ ಬಿಕೆಸಿಯ ಜಿಯೋ ವರ್ಲ್ಡ್ ಡ್ರೈವ್. ಅವರವರ ಮನೆಗೆ ಹತ್ತಿರ ಇರೋದೇ ಬೆಸ್ಟ್ ಅಂತ ನನ್ನ ಲೆಕ್ಕ. ಒಂದು ಕುರ್ತಾ ತಗೊಳ್ಳೋಕೆ ವೆಸ್ಟರ್ನ್ ಲೈನಿನಿಂದ ಸೆಂಟ್ರಲ್ ಲೈನಿಗೆ ಯಾರು ಹೋಗ್ತಾರೆ ಮಾರಾಯ್ರೆ?

ಹೋಗಬೇಕಾಯಿತು. ಅಡಿಕೆ ಕೆಲಸ ಎಲ್ಲ ಮುಗಿಸಿ ಏಪ್ರಿಲ್‌ನಲ್ಲಿ ಅಪ್ಪಯ್ಯ, ಆಯಿ ಚಂದಗುಳಿಯಿಂದ ಬಂದು ಹದಿನೈದು ದಿನ ನನ್ನ ಜೊತೆ ಇದ್ದರು. ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ ಮೂರು ದಿನಕ್ಕೆ ಮುಗಿದವು. ಮನೆ ಹತ್ತಿರವೇ ಘಂಟೆ ಗಣಪತಿಯನ್ನು ಇಟ್ಟುಕೊಂಡವರಿಗೆ ಸಿದ್ಧಿವಿನಾಯಕನಲ್ಲಿ ಉದ್ದ ಸಾಲು ಬಿಟ್ಟರೆ ಹೊಸದೇನೂ ಕಾಣಲಿಲ್ಲ. ಹೊರಗೆ ಉರಿ ಸೆಖೆ, ಒಳಗೆ ಕಾಲು ಚಾಚಿದರೆ ಗೋಡೆಗೆ ತಾಗುವ ಬಾಡಿಗೆ ಮನೆ. ತಂಪಾಗಿ ಕೂರಬಹುದು, ದುಡ್ಡು ಕೊಡಲೇಬೇಕು ಅಂತಿಲ್ಲ, ಅಂಥ ಜಾಗ ಈ ಊರಲ್ಲಿ ಮಾಲ್ ಬಿಟ್ಟರೆ ಮತ್ತೊಂದು ನನಗೆ ಹೊಳೆಯಲಿಲ್ಲ.

ಹಾಗಂತ ನಮ್ಮ ಕಡೆಯವರು ದೊಡ್ಡ ಅಂಗಡಿ ನೋಡಿಲ್ಲ ಅಂದುಕೊಳ್ಳಬೇಡಿ. ಶಿರಸಿಯಲ್ಲಿ ಟಿಎಸ್‌ಎಸ್ ಇದೆ. ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಅಂತ ಪೂರ್ತಿ ಹೆಸರು, 1923ರಲ್ಲಿ ಅಡಿಕೆ ಬೆಳೆಯುವವರೇ ಸೇರಿ ಕಟ್ಟಿಕೊಂಡ ಸಂಘ. ಅದರ ಸುಪರ್ ಮಾರ್ಕೆಟ್ಟಿಗೆ ಹೋದರೆ ಉಪ್ಪು, ಬೆಲ್ಲದಿಂದ ಹಿಡಿದು ಫ್ರಿಜ್ಜಿನ ತನಕ ಒಂದೇ ಕಡೆ. ಅಪ್ಪಯ್ಯ ಅಲ್ಲಿ ಸದಸ್ಯ. ಅಡಿಕೆ ಹಾಕಿರುತ್ತಾನೆ, ಸಾಮಾನು ಖಾತೆಗೆ ಬರೆಸುತ್ತಾನೆ, ಅಡಿಕೆ ವಿಕ್ರಿಯಾದಾಗ ಲೆಕ್ಕ. ಅಲ್ಲಿ ಅವನು ನಡೆಯುವ ರೀತಿಯೇ ಬೇರೆ. ಛತ್ರಿ ಬಿಚ್ಚಿ ಮುಚ್ಚಿ ನೋಡುತ್ತಾನೆ, ಸಿಗದ ಸಾಮಾನು ಯಾಕೆ ತರಿಸಿಲ್ಲ ಅಂತ ಕೌಂಟರಿನ ಹುಡುಗನಿಗೆ ಜೋರು ಮಾಡುತ್ತಾನೆ. ಆ ಹುಡುಗ ನಗುತ್ತಾನೆ, ಯಾಕೆಂದರೆ ದಿನಕ್ಕೆ ಇಂಥ ಐವತ್ತು ಜನ ಮಾಲೀಕರನ್ನು ಅವನು ನೋಡಿರುತ್ತಾನೆ.

ಅದೇ ಅಪ್ಪಯ್ಯ ಇಲ್ಲಿ ಒಂದು ಮಾಲಿನ ಬಾಗಿಲಲ್ಲಿ ನಿಂತ. ಯಾವ ಮಾಲ್ ಅನ್ನೋದು ಬೇಡ, ಎಲ್ಲ ಕಡೆ ಅದೇ ನಿಯಮ. ಚೀಲ ಮಿಷನ್ನಿನೊಳಗೆ ಹೋಯಿತು, ಆಚೆ ಬರುವಾಗ ಸೆಕ್ಯುರಿಟಿಯವನು ಕವಳದ ಸಂಚಿ ಎತ್ತಿ ಹಿಡಿದಿದ್ದ. ಎಲೆ, ಸುಣ್ಣದ ಡಬ್ಬಿ, ತಂಬಾಕು, ಅಡಕತ್ತರಿ, ನಮ್ಮದೇ ತೋಟದ ಅಡಿಕೆ. ‘ಸುಪಾರಿ ಅಲೌಡ್ ನಹೀ ಅಂಕಲ್’ ಅಂದ. ಪಾಪ, ಮೆತ್ತಗೇ ಅಂದ, ಮೀಸೆ ಸರಿಯಾಗಿ ಮೂಡದ ಹುಡುಗ. ಅಪ್ಪಯ್ಯನಿಗೆ ಹಿಂದಿ ಬರುವುದಿಲ್ಲ, ಆದರೆ ‘ಸುಪಾರಿ’ ಗೊತ್ತಲ್ಲ. ‘ಕೂಸೆ, ಅದು ನಾ ಬೆಳೆದಿದ್ದು ಹೇಳಿ ಹೇಳು ಅವಂಗೆ’ ಅಂದ.

ನಾನು ಹೇಳಲಿಲ್ಲ. ಹೇಳಿದರೂ ಆ ಹುಡುಗ ಏನು ಮಾಡುತ್ತಿದ್ದ? ನಿಯಮವೂ ತಪ್ಪೇನಲ್ಲ, ಈ ಊರಿನ ಯಾವುದೇ ಹಳೇ ಕಟ್ಟಡದ ಮೆಟ್ಟಿಲ ಮೂಲೆ ನೋಡಿದರೆ ಕಾರಣ ಕೆಂಪಗೆ ಕಾಣುತ್ತದೆ. ಸಂಚಿ ಕೊಟ್ಟು ಟೋಕನ್ ತಗೊಂಡು ಒಳಗೆ ಹೋದೆವು. ಆದರೆ ಆವತ್ತಿಡೀ ಅಪ್ಪಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಯಾವುದನ್ನೂ ಮುಟ್ಟದೆ, ಗೋಡೆ ಬದಿಯಲ್ಲೇ ನಡೆದ. ಬೇರೆಯವರ ಮನೆಯ ಮದುವೆಗೆ ಕರೆಯದೇ ಬಂದವರು ಹಾಗೆ ನಡೆಯುತ್ತಾರೆ.

ಮಾಲಿನ ಬಾಗಿಲಿಗೆ ಈ ಗುಣ ಮೊದಲಿಂದಲೂ ಇದೆ. 1999ರಲ್ಲಿ ಹಾಜಿ ಅಲಿ ಹತ್ತಿರ ಕ್ರಾಸ್‌ರೋಡ್ಸ್ ಅಂತ ಶುರುವಾಯಿತು, ದೇಶದ ಮೊದಮೊದಲ ಮಾಲುಗಳಲ್ಲಿ ಒಂದು. ಎಸ್ಕಲೇಟರ್ ನೋಡಲು ಜನ ಎಷ್ಟು ನುಗ್ಗಿದರೆಂದರೆ, ಕೈಯಲ್ಲಿ ಮೊಬೈಲೋ ಕ್ರೆಡಿಟ್ ಕಾರ್ಡೋ ಇದ್ದವರನ್ನು ಸುಮ್ಮನೆ ಬಿಡುವುದು, ಉಳಿದವರಿಂದ ಪ್ರವೇಶ ಶುಲ್ಕ ಕೇಳುವುದು ಅಂತ ಕೆಲಕಾಲ ನಿಯಮ ಮಾಡಿದ್ದರು. ಆಗ ಮೊಬೈಲ್ ಇದ್ದವರು ಎಷ್ಟು ಜನ! ಮುಂದೆ ಆ ಮಾಲ್ ಕೈ ಬದಲಾಗಿ ಸೋಬೋ ಸೆಂಟ್ರಲ್ ಆಯಿತು, ಮೊದಲಿನ ಗದ್ದಲ ಉಳಿಯಲಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಶುಲ್ಕ ಯಾರೂ ಕೇಳುವುದಿಲ್ಲ.

ಇನ್‌ಆರ್ಬಿಟ್ 2004ರದ್ದು, ಈಗಿನ ಹೊಸ ಮಾಲುಗಳ ಎದುರು ಸ್ವಲ್ಪ ಹಳಬ. ಆಯಿಗೆ ಅದೇ ಇಷ್ಟವಾಯಿತು. ಆಯಿ ಎಸ್ಕಲೇಟರಿಗೆ ಹೆದರಿದಳು ಅಂತ ಬರೆದರೆ ನಿಮಗೆ ಓದಲು ಚೆಂದ ಇರ್ತಿತ್ತು. ಏನು ಮಾಡೋದು, ಅವಳು ಸೀರೆ ನಿರಿಗೆ ಎತ್ತಿ ಹಿಡಿದು ನನಗಿಂತ ಮೊದಲೇ ಹತ್ತಿ ಮೇಲೆ ಹೋಗಿ ನಿಂತಿದ್ದಳು.

ಅಪ್ಪಯ್ಯನ ಕೈ ಬೆನ್ನಿನಿಂದ ಬಿಟ್ಟಿದ್ದು ಮತ್ತೊಂದು ಮಾಲಿನಲ್ಲಿ, ಮನೆ ಅಲಂಕಾರದ ಒಂದು ಅಂಗಡಿಯಲ್ಲಿ. ಅಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನು ಕಂದು ಕಾಗದದಲ್ಲಿ ಸುತ್ತಿ, ಸೆಣಬಿನ ದಾರ ಕಟ್ಟಿ ಇಟ್ಟಿದ್ದರು. ಬೆಲೆ ಓದಿ ಹೇಳಿದೆ. ಆಯಿ ನಕ್ಕ ನಗುವಿಗೆ ಅರ್ಧ ಅಂಗಡಿ ತಿರುಗಿ ನೋಡಿತು. ನಮ್ಮ ತೋಟದಲ್ಲಿ ಹಾಳೆ ಬಿದ್ದಲ್ಲೇ ಕೊಳೆಯುವುದೂ ಉಂಟು, ಕೊಟ್ಟಿಗೆ ಸೇರುವುದೂ ಉಂಟು. ಅಪ್ಪಯ್ಯ ಒಂದು ತಟ್ಟೆ ತೆಗೆದ, ಬೆಳಕಿಗೆ ಹಿಡಿದ, ಅಂಚನ್ನು ಹೆಬ್ಬೆರಳಲ್ಲಿ ಒತ್ತಿದ. ‘ಸಮಾ ಒಣಗಿದ್ದಿಲ್ಲೆ ಇದು. ಮಳೆಗಾಲಕ್ಕೆ ಬೂಷ್ಟು ಬತ್ತು.’ ಅಂಗಡಿ ಹುಡುಗಿ ಏನು ಅಂತ ಕೇಳಿದಳು, ನಾನು ಹಿಂದಿಗೆ ಹಾಕಿದೆ. ಅವಳು ಇನ್ನೊಂದು ಕಟ್ಟು ತಂದು ಇದು ಹೇಗಿದೆ ಅಂದಳು. ಅದಾದ ಮೇಲೆ ಇಪ್ಪತ್ತು ನಿಮಿಷ ನನ್ನ ಕೆಲಸ ಭಾಷಾಂತರ. ಹಾಳೆ ಯಾವಾಗ ಬೀಳುತ್ತದೆ, ನೀರಲ್ಲಿ ನೆನೆಸುವುದು ಯಾಕೆ, ಬಿಸಿ ಅಚ್ಚಿಗೆ ಕೊಟ್ಟು ಒತ್ತುವುದು ಹೇಗೆ, ಎಲ್ಲ. ಅಪ್ಪಯ್ಯನ ದನಿ ಟಿಎಸ್‌ಎಸ್ ಕೌಂಟರಿನ ಮುಂದಿನ ದನಿಗೆ ಏರಿತ್ತು. ಏನೂ ಕೊಳ್ಳದೆ ಹೊರಗೆ ಬಂದೆವು, ಹುಡುಗಿ ಮಾತ್ರ ನಮಸ್ಕಾರ ಮಾಡಿದಳು.

ಬಿಕೆಸಿಯ ಜಿಯೋ ವರ್ಲ್ಡ್ ಪ್ಲಾಜಾದಲ್ಲಿ ಕಾಲು ಗಂಟೆಯೂ ಇರಲಿಲ್ಲ. 2023ರಲ್ಲಿ ತೆರೆದದ್ದು, ದುಬಾರಿ ಬ್ರ್ಯಾಂಡುಗಳಿಗೇ ಮೀಸಲು. ದೊಡ್ಡ ಗಾಜಿನ ಹಿಂದೆ ಒಂದೇ ಒಂದು ವ್ಯಾನಿಟಿ ಬ್ಯಾಗ್ ಇಟ್ಟಿದ್ದನ್ನು ನೋಡಿ, ಸ್ಟಾಕ್ ಖಾಲಿಯಾಗಿದೆ ಅಂತ ಆಯಿ ತಿಳಿದಳು.

ಫೀನಿಕ್ಸ್‌ಗೆ ಹೋಗಿದ್ದು ಕಡೆಗೆ. ಅಲ್ಲಿ ಅಂಗಳದಲ್ಲಿ ಹಳೇ ಚಿಮಣಿ ಇನ್ನೂ ನಿಂತಿದೆ. 1905ರಲ್ಲಿ ಶುರುವಾದ ಬಟ್ಟೆ ಗಿರಣಿಯ ಜಾಗ ಅದು. ನಾನು ಎಷ್ಟೋ ಸಲ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಗೆಳತಿಯರಿಗೆ ‘ಚಿಮಣಿ ಹತ್ರ ಸಿಗು’ ಅಂತ ಹೇಳಲು ಉಪಯೋಗಿಸಿದ್ದೇನೆ. ಅಪ್ಪಯ್ಯ ಕುತ್ತಿಗೆ ಎತ್ತಿ ತುದಿವರೆಗೆ ನೋಡಿದ. ಅವನ ಸೋದರಮಾವ ಒಬ್ಬ ಇಲ್ಲೇ ಪರೇಲಿನ ಕಡೆ ಯಾವುದೋ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದನಂತೆ. 1982ರಲ್ಲಿ ದತ್ತಾ ಸಾಮಂತರ ಮುಷ್ಕರ ಆಯಿತಲ್ಲ, ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದು, ಆಗ ‘ನಾಲ್ಕು ದಿನ ಇದ್ದು ಹೋಗ್ತೆ’ ಅಂತ ಊರಿಗೆ ಬಂದ. ಬಂದವನು ವಾಪಸ್ ಹೋಗಲಿಲ್ಲ, ಹೋಗಲು ಕ್ಯಾಂಟೀನೇ ಇರಲಿಲ್ಲ. ಸಾಯುವ ತನಕ ಅವನ ಟ್ರಂಕು ನಮ್ಮ ಅಟ್ಟದ ಮೇಲಿತ್ತು. ನನಗೆ ಟ್ರಂಕು ಗೊತ್ತಿತ್ತು, ಕತೆ ಗೊತ್ತಿರಲಿಲ್ಲ.

ಚಿಮಣಿ ಕಾಣುವ ಹಾಗೆ ಒಂದು ಕಟ್ಟೆ ಮೇಲೆ ಕೂತೆವು. ಅಪ್ಪಯ್ಯ ಕೇಳಿದ, ‘ಈಗ ಇದು ಯಾರದ್ದು? ಮೆಂಬರು ಹೇಳಿ ಇದ್ವ?’

ಗಿರಣಿ ನಡೆಸುತ್ತಿದ್ದ ಕಂಪನಿಯೇ ಈಗ ಮಾಲ್ ನಡೆಸುತ್ತದೆ, ಹೆಸರೂ ಇನ್ನೂ ಫೀನಿಕ್ಸ್ ಮಿಲ್ಸ್ ಅಂತಲೇ, ಶೇರು ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಒಂದು ಶೇರು ತಗೊಂಡರೆ ನೀನೂ ಮೆಂಬರ್ ಇದ್ದ ಹಾಗೇ ಅಂದೆ. ಅವನಿಗೆ ಖುಷಿಯಾಯಿತು.

‘ಹಂಗಾರೆ ವರ್ಷದ ಮೀಟಿಂಗಿಗೆ ಊಟ ಹಾಕ್ತ್ವ?’

ಈಗ ಹೆಚ್ಚಿನ ಕಂಪನಿಗಳ ಮೀಟಿಂಗೆಲ್ಲ ವಿಡಿಯೋದಲ್ಲೇ ಆಗುತ್ತೆ ಅಪ್ಪಯ್ಯ ಅಂದೆ.

‘ಹಂಗಾರೆ ಬ್ಯಾಡ’ ಅಂದ.