ಆರು ಸ್ಕ್ರೂಗಳ ಪ್ರಸಂಗ

ಕಡಲ ಕರೆಯ ಊರುಗಳಲ್ಲಿ ರಜೆಯಿಲ್ಲದೆ ದುಡಿಯುವವರು ಯಾರೆಂದು ಕೇಳಿದರೆ ಹೆಂಗಸರು ಎನ್ನುತ್ತೀರಿ. ನಿಜವೇ. ಆದರೆ ನಮಗಿಂತ ಒಂದು ಕೈ ಮೇಲಾದದ್ದು ಇನ್ನೊಂದಿದೆ, ಅದೇ ತುಕ್ಕು. ನಾವಾದರೂ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಳಿಗೆ ಅಡ್ಡಾಗುತ್ತೇವೆ, ಅದಕ್ಕೆ ಅದೂ ಇಲ್ಲ. ಕುಂದಾಪುರದ ನಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ತುಕ್ಕಿಗೆ ಅಷ್ಟೇ ಸಾಕು. ಗಾಳಿಯಲ್ಲಿ ಬಂದ ಉಪ್ಪು ಕಿಟಕಿಯ ಕೊಂಡಿ, ಬಾಗಿಲ ಬಿಜಾಗರಿ, ಕುಕ್ಕರಿನ ಹಿಡಿ, ಎಲ್ಲವನ್ನೂ ಮುಟ್ಟಿ ಮಾತಾಡಿಸಿಕೊಂಡು ಹೋಗುತ್ತದೆ.

ಬೇರೆಲ್ಲ ಸ್ಕ್ರೂಗಳು ಸಡಿಲವಾದರೆ ಕಿರಿಕಿರಿ, ಅಷ್ಟೆ. ಬಚ್ಚಲಿನ ಗೋಡೆಯ ಹಿಡಿಕೆ ಹಾಗಲ್ಲ. ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆಯವರು ಏಳುವುದೂ ಕೂರುವುದೂ ಅದನ್ನು ನಂಬಿ. ಆ ಮಳೆಗಾಲದಲ್ಲಿ ಅವರು ಸಂಜೆಯ ನಂತರ ನೀರು ಕುಡಿಯುವುದನ್ನೇ ಬಿಟ್ಟರು. ಸ್ನಾನ ದಿನ ಬಿಟ್ಟು ದಿನವಾಯಿತು. ಕೇಳಿದರೆ "ಚಳಿ" ಎಂದರು. ನಮ್ಮೂರಿನಲ್ಲಿ ಚಳಿ! ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟರು: "ಅದನ್ನ ಹಿಡ್ಕಂಡ್ರೆ ಅದೂ ಅಲ್ಲಾಡತ್ತ್, ನಾನೂ ಅಲ್ಲಾಡ್ತೆ. ಯಾರನ್ನ ಯಾರ್ ಹಿಡ್ಕಂಬ್ದ್ ಹೆಣೆ?"

ಹೋಗಿ ನೋಡಿದರೆ ಹಿಡಿಕೆ ಹೊಳೆಯುತ್ತಿದೆ, ಅದನ್ನು ಹಿಡಿದ ಸ್ಕ್ರೂಗಳು ಕಂದಾಗಿವೆ. ಹಿಡಿಕೆ ಸ್ಟೇನ್‌ಲೆಸ್ ಸ್ಟೀಲಿನದು, ಸ್ಕ್ರೂಗಳು ಸಾದಾ ಕಬ್ಬಿಣದವು. ಆಚಾರಿಗೆ ಫೋನು ಮಾಡಿದೆ. "ನಾಳೆ ಬತ್ತೆ ಅಕ್ಕ" ಎಂದ. ಮದುವೆ ಸೀಸನ್ನಿನ ದರ್ಜಿಯ ನಾಳೆಯೂ ಮಳೆಗಾಲದ ಆಚಾರಿಯ ನಾಳೆಯೂ ಒಂದೇ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮವರು "ಭಾನುವಾರ ನೋಡೋಣ" ಎಂದು ಪೇಪರು ಬಿಡಿಸಿದರು. ಅತ್ತೆಯವರ ಬಾಯಾರಿಕೆ ಭಾನುವಾರದವರೆಗೆ ಕಾಯಬೇಕೇ? ನಾನೇ ಸೆರಗು ಕಟ್ಟಿದೆ.

ತುಕ್ಕು ಹಿಡಿದ ಸ್ಕ್ರೂ ಏಕೆ ಅಲುಗುವುದಿಲ್ಲ ಎಂಬುದು ತಿಳಿದರೆ ಕೆಲಸ ಅರ್ಧ ಆದಂತೆ. ಕಬ್ಬಿಣ, ನೀರು, ಗಾಳಿ ಸೇರಿದಾಗ ಹುಟ್ಟುವ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಇಕ್ಕಟ್ಟಿನ ಬಸ್ಸಿನಲ್ಲಿ ಮೂವರ ಸೀಟಿಗೆ ಐವರು ಕೂತಂತೆ, ಸುತ್ತೆಲ್ಲ ಬಿಗಿಯಾಗುತ್ತದೆ. ಉಪ್ಪು ಈ ಕೆಲಸವನ್ನು ಬೇಗ ಮಾಡಿಸುತ್ತದೆ. ಆದ್ದರಿಂದ ಬಲಕ್ಕಿಂತ ತಾಳ್ಮೆ ಮುಖ್ಯ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಲೆ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ರಾತ್ರಿಯಿಡೀ ಬಿಟ್ಟೆ. ತೆಂಗಿನೆಣ್ಣೆ ದಪ್ಪ, ಸಂದಿಗೆ ಅಷ್ಟು ಬೇಗ ಇಳಿಯದು.

ಬೆಳಿಗ್ಗೆ ಸ್ಕ್ರೂಡ್ರೈವರನ್ನು ತಲೆಯ ಮೇಲಿಟ್ಟು ಹಿಂದಿನಿಂದ ಮೆಲ್ಲನೆ ನಾಲ್ಕು ಪೆಟ್ಟು. ಒಳಗಿನ ತುಕ್ಕು ಬಿರುಕು ಬಿಡಲಿ ಎಂದು. ಆಮೇಲೆ ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು, ನಂತರ ಸಡಿಲ, ಮತ್ತೆ ಬಿಗಿ. ಹಟ ಹಿಡಿದ ಮಗುವನ್ನು ಎಬ್ಬಿಸುವ ಕ್ರಮವೂ ಇದೇ ತಾನೇ? ಕೂಡಿಸುವ ಗುರುತಿನ ತಲೆಯ ಈ ಸ್ಕ್ರೂಗಳನ್ನು 1930ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಹೆನ್ರಿ ಫಿಲಿಪ್ಸ್. ಕಾರು ಜೋಡಿಸುವ ಯಂತ್ರಗಳಿಗೆ ಇವು ಅನುಕೂಲವಾದವು. ಸ್ಕ್ರೂಡ್ರೈವರ್ ತಾನಾಗಿ ನಡುವಿಗೆ ಬಂದು ಕೂರುವುದು ಇದರ ಗುಣ, ಒತ್ತಿ ಹಿಡಿಯದಿದ್ದರೆ ಜಾರಿ ಮೇಲೇಳುವುದು ಅವಗುಣ. ಅಳತೆ ಸರಿಯಿಲ್ಲದಿದ್ದರೆ ಗುರುತೇ ಸವೆದುಹೋಗುತ್ತದೆ. ಹಾಗೆ ಸವೆದಿದ್ದ ಒಂದಕ್ಕೆ ಅಗಲವಾದ ರಬ್ಬರ್ ಬ್ಯಾಂಡ್ ಅಡ್ಡ ಇಟ್ಟು ಒತ್ತಿ ತಿರುಗಿಸಿದೆ, ಹಿಡಿತ ಸಿಕ್ಕಿತು. ಆರನೆಯದರ ತಲೆ ಪೂರಾ ಬೋಳು. ಅದಕ್ಕೆ ಗರಗಸದ ಬ್ಲೇಡಿನಿಂದ ಅಡ್ಡಗೆರೆ ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿದೆ. ಕಿರ್ರೆಂದು ಕೂಗುತ್ತ ಬಂತು.

ಮರದ ಬಾಗಿಲಾದರೆ ತೂತು ದೊಡ್ಡದಾದಾಗ ಮದ್ದು ತೆಗೆದ ಬೆಂಕಿಕಡ್ಡಿಯನ್ನು ಅಂಟಿನಲ್ಲಿ ಅದ್ದಿ ತುಂಬಿದರೆ ಸಾಕು. ಜೀವ ತೂಗುವ ಹಿಡಿಕೆಗೆ ಆ ಉಪಾಯ ಸಲ್ಲದು. ಪಕ್ಕದ ಮನೆಯ ಹುಡುಗ ಡ್ರಿಲ್ ತಂದುಕೊಟ್ಟ. ತೂತನ್ನು ಒಂದು ಅಳತೆ ಹಿಗ್ಗಿಸಿ, ಪುಡಿ ಊದಿ, ಗೋಡೆಯೊಳಗೆ ಕೂರುವ ಹೊಸ ಪ್ಲಾಸ್ಟಿಕ್ ಕೊಳವೆಗಳನ್ನು ಬಿಗಿಯಾಗಿ ಕೂರಿಸಿ, ಉದ್ದದ ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಈ ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಪೊರೆ ಕಟ್ಟಿ ಕಾಯುತ್ತದೆ. ಅಂಗಡಿಯಲ್ಲಿ 304, 316 ಎಂದು ಎರಡು ಬಗೆ ಸಿಗುತ್ತವೆ. ಕಡಲೂರಿಗೆ 316 ಮೇಲು, ಬೆಲೆಯೂ ಮೇಲೆಯೇ. ತಲೆ ಹೊಳೆದದ್ದೆಲ್ಲ ಸ್ಟೇನ್‌ಲೆಸ್ ಅಲ್ಲ, ಬರೀ ಲೇಪವಿರಬಹುದು. ಕೇಳಿಯೇ ಕೊಳ್ಳಿ.

ಆರೂ ಬಿಗಿಯಾದ ಮೇಲೆ ನಾನೇ ಜೋತುಬಿದ್ದು ನೋಡಿದೆ. ನನ್ನ ತೂಕ ಇಲ್ಲಿ ಬರೆಯುವುದಿಲ್ಲ. ಅತ್ತೆಯವರ ಎರಡರಷ್ಟಿದೆ ಎಂದರೆ ಸಾಕು. ಹಿಡಿಕೆ ಮಿಸುಕಲಿಲ್ಲ.

ಅತ್ತೆಯವರು ಹೊಗಳುವ ಪೈಕಿ ಅಲ್ಲ. ಒಮ್ಮೆ ಎಳೆದು ನೋಡಿದರು, ಇನ್ನೊಮ್ಮೆ ಎಳೆದರು. ರಾತ್ರಿ ಊಟಕ್ಕೆ ಕೂತಾಗ ಲೋಟ ಮುಂದೆ ತಳ್ಳಿ "ನೀರ್ ಹಾಕ್" ಎಂದರು. ಎರಡು ಲೋಟ ಕುಡಿದರು.

ಪ್ರಾಯದವರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ ಗೆಳತಿಯರೇ. ಮಗ ಸೊಸೆಗೆ ತೊಂದರೆ ಕೊಡಬಾರದೆಂದು ತಮ್ಮ ನೀರನ್ನು, ಸ್ನಾನವನ್ನು, ಅಂಗಳದ ತಿರುಗಾಟವನ್ನು ಒಂದೊಂದಾಗಿ ಕಡಿಮೆ ಮಾಡಿಕೊಳ್ಳುತ್ತಾರೆ. ನಾವು ಅದನ್ನು ವಯಸ್ಸು ಎನ್ನುತ್ತೇವೆ. ಎಷ್ಟೋ ಸಲ ಅದು ವಯಸ್ಸಲ್ಲ, ಎಲ್ಲೋ ಅಲ್ಲಾಡುವ ಒಂದು ಸ್ಕ್ರೂ ಇರಬಹುದು. ಈ ಸಲ ಮಳೆ ಬಿಟ್ಟ ಮೇಲೆ ಪಾತ್ರೆ, ಡಬ್ಬ ಬಿಸಿಲಿಗಿಡುವ ಮೊದಲು ಮನೆಯ ಹಿರಿಯರು ಕೈಯಿಡುವ ಜಾಗಗಳನ್ನೆಲ್ಲ ಒಮ್ಮೆ ಹಿಡಿದು ಎಳೆದು ನೋಡಿ.