ಸ್ವರ್ಗದ ದಾರಿಯಲ್ಲಿ ಒಂದು ಜಗಲಿ

ಕಾಸರಗೋಡಿನಿಂದ ಬದಿಯಡ್ಕ ಮಾರ್ಗವಾಗಿ ಪೆರ್ಲಕ್ಕೆ ಬಂದು, ಅಲ್ಲಿಂದ ಮುಂದೆ ಸಾಗಿದರೆ ಸ್ವರ್ಗವನ್ನು ಸೇರಬಹುದು. ಇದು ಪರಿಹಾಸ್ಯದ ಮಾತಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಆ ಹೆಸರಿನ ಊರೇ ಇದೆ. ಮುರಕಲ್ಲಿನ ಗುಡ್ಡಗಳು, ಅವುಗಳ ಬುಡದಲ್ಲಿ ಅಡಿಕೆ ತೋಟಗಳು, ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ಹರಿಸಿಕೊಂಡ ಸುರಂಗಗಳು, ಕೆಳಗೆ ಹರಿಯುವ ತೋಡು. ಕನ್ನಡ, ತುಳು, ಮರಾಠಿ, ಮಲಯಾಳಗಳೆಲ್ಲ ಒಂದೇ ಅಂಗಡಿಯ ಮುಂದೆ ಕಿವಿಗೆ ಬೀಳುವ ನಾಡಿದು.

ಈ ಚೆಲುವಿನ ಹಿಂದಿರುವ ದುಃಖವನ್ನು ವಾಚಕರು ಬಲ್ಲರು. ಗುಡ್ಡದ ಮೇಲಿನ ಸರಕಾರಿ ಒಡೆತನದ ಗೇರು ತೋಟಗಳಿಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ, 2000ನೆಯ ಇಸವಿಯ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ವಿಷವು ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು.

ಆದರೆ ಈ ಕಥೆ ಆರಂಭವಾದದ್ದು ನ್ಯಾಯಾಲಯದಲ್ಲಲ್ಲ. ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು ತಮ್ಮ ಬಳಿಗೆ ಬಂದವರ ಮಾತನ್ನು ಕಿವಿಗೊಟ್ಟು ಕೇಳಿದರು. ಒಂದೇ ಪರಿಸರದ ಮನೆಗಳಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳೇಕೆ ಎಂದು ಯೋಚಿಸಿದರು. ಇದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಕೇಳುವ ಕಿವಿಯೊಂದು ಇಲ್ಲದೇ ಹೋಗಿದ್ದರೆ ಆ ನೋವು ಮನೆಮನೆಯ ಹಣೆಬರಹವಾಗಿಯೇ ಉಳಿದುಬಿಡುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಬಂಧುವೊಬ್ಬರ ಮನೆಗೆ. ಆ ದಿನ ಪಂಚಾಯತಿನ ಸಾಂತ್ವನ ಚಿಕಿತ್ಸೆಯ ದಾದಿ ನೆರೆಮನೆಗೆ ಬರುವವರಿದ್ದರು. ಹಾಸಿಗೆ ಹಿಡಿದವರ ಮನೆಬಾಗಿಲಿಗೇ ಹೋಗಿ ಆರೈಕೆ ಮಾಡುವ ಈ ಪದ್ಧತಿ ಕೇರಳದಲ್ಲಿ ಚೆನ್ನಾಗಿ ಬೇರೂರಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರೂ ಸ್ವಯಂಸೇವಕರೂ ಕೂಡಿ ಆರಂಭಿಸಿದ ಕಾರ್ಯವನ್ನು, 2008ರಲ್ಲಿ ಸರಕಾರವು ತನ್ನ ನೀತಿಯನ್ನಾಗಿ ಅಂಗೀಕರಿಸಿತು.

ಬಂಧುಗಳೊಡನೆ ನಾನೂ ಹೋದೆ. ಜಗಲಿಯ ಮೇಲೆ ನಮಗೆ ನೀರು, ಬೆಲ್ಲ ಬಂದವು. ಒಳಗೆ ಮೂವತ್ತು ದಾಟಿದ ಮಗ ಮಲಗಿದ್ದ. ಮಾತಿಲ್ಲ, ಎದ್ದು ಕೂರುವ ಶಕ್ತಿಯಿಲ್ಲ. ದಾದಿ ಅವನ ಬೆನ್ನಿನ ಹುಣ್ಣನ್ನು ತೊಳೆದು, ಮದ್ದು ಹಚ್ಚಿ, ಮಗ್ಗುಲು ಬದಲಿಸಿದರು. ಕೆಲಸ ಮುಗಿದೊಡನೆ ಹೊರಡುವರೆಂದು ನಾನೆಣಿಸಿದ್ದೆ. ಅವರು ತಾಯಿಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು. ಮಲಯಾಳ ಮನೆಮಾತಿನ ಆ ಹೆಣ್ಣುಮಗಳು ತಡೆತಡೆದು ಕನ್ನಡದಲ್ಲಿ, “ಅಮ್ಮಾ, ನಿಮಗೆ ರಾತ್ರಿ ನಿದ್ದೆ ಬರುತ್ತದಾ?” ಎಂದು ಕೇಳಿದರು.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಮಾತನಾಡತೊಡಗಿದರು. ಹಲವು ವರ್ಷಗಳಿಂದ ಯಾವ ಮದುವೆಗೂ ಹೋಗಿಲ್ಲ. ಮರುದಿನ ತಮ್ಮನ ಮಗಳ ಮದುವೆ, ಅದಕ್ಕೂ ಹೋಗುವಂತಿಲ್ಲ. ಕೊನೆಯಲ್ಲಿ, “ನನ್ನ ಕಾಲದ ನಂತರ ಇವನಿಗೆ ಯಾರು?” ಎಂದರು.

ನಾನು ರೂಢಿಯಂತೆ, “ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ” ಎನ್ನಲು ಬಾಯಿ ತೆರೆದೆ. ಬಂಧುಗಳು ನನ್ನ ಮೊಣಕಾಲನ್ನು ಮೆಲ್ಲನೆ ಒತ್ತಿ ತಡೆದರು. ದಾದಿಯೂ ಸಮಾಧಾನದ ಮಾತಾಡಲಿಲ್ಲ. ತಾಯಿಯ ಕೈಯನ್ನು ಹಿಡಿದುಕೊಂಡು ಕುಳಿತರು. ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಇಲ್ಲದ ಉತ್ತರವನ್ನು ಇದೆಯೆನ್ನದೆ ಕುಳಿತದ್ದೇ ಆಕೆಗೆ ತೋರಿದ ಗೌರವವೆಂದು ನನಗೆ ಆಮೇಲೆ ಹೊಳೆಯಿತು.

ಕಣ್ಣೊರೆಸಿಕೊಂಡು ತಾಯಿ ಹೇಳಿದರು: “ಬಂದವರೆಲ್ಲ ಮಗನನ್ನು ನೋಡಿ ಹೋಗುತ್ತಾರೆ. ಇವರು ಬಂದರೆ ನನಗೂ ನಾಲ್ಕು ಮಾತನಾಡಿದ ಹಾಗಾಗುತ್ತದೆ.”

ಗಡಿನಾಡಿನ ನಮಗೆ ಈ ಮಾತು ಹೆಚ್ಚು ಅರ್ಥವಾದೀತು. ಕಚೇರಿಯ ಅರ್ಜಿಯನ್ನು ಬೇರೆ ಭಾಷೆಯಲ್ಲಿ ಹೇಗೋ ಬರೆಯಿಸಿಕೊಳ್ಳಬಹುದು. ಎದೆಯ ಸಂಕಟವನ್ನು ಮನೆಮಾತಿನಲ್ಲಿಯೇ ಹೇಳಬೇಕು. ದಾದಿ ನಾಲ್ಕು ಕನ್ನಡ ಮಾತುಗಳನ್ನು ಕಲಿತದ್ದು ಇಂಥ ಚಾಪೆಗಳ ಮೇಲೆ ಕುಳಿತೇ. ಹುಟ್ಟಿನಿಂದಲೇ ಆ ಭಾಷೆ ಬಲ್ಲ ನಾವು ನೆರೆಮನೆಯ ಮೆಟ್ಟಿಲು ಹತ್ತಲು ಅನುಮಾನಿಸುತ್ತೇವೆ. ಏನು ಹೇಳುವುದೆಂದು ತಿಳಿಯದು ಎಂಬುದೇ ನಮ್ಮ ನೆಪ. ಹೇಳಬೇಕಾದ್ದು ಏನೂ ಇಲ್ಲ. ಹೋಗಬೇಕು, ಕೂರಬೇಕು, ಕೇಳಬೇಕು, ಮತ್ತೊಮ್ಮೆ ಹೋಗಬೇಕು.

ಹೊರಡುವಾಗ ಬಂಧುಗಳ ಮಡದಿ, “ಅಕ್ಕಾ, ನಾಳೆ ನೀವು ಮದುವೆಗೆ ಹೋಗಿ ಬನ್ನಿ. ಇವನಿಗೆ ಗಂಜಿ ಉಣಿಸುವುದು ನನಗೆ ಗೊತ್ತುಂಟು” ಎಂದರು. ತಾಯಿ ಮೊದಲು ಒಪ್ಪಲಿಲ್ಲ. ಎರಡು ಸಲ ಹೇಳಿದ ಮೇಲೆ ತಲೆಯಾಡಿಸಿದರು.

ಮರುದಿನ ನಾವು ಮೂವರೂ ಆ ಮನೆಯಲ್ಲಿದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ತಾಯಿ ಮುಡಿಯಲ್ಲಿ ಮಲ್ಲಿಗೆಯೊಡನೆ ಅಂಗಳಕ್ಕೆ ಬಂದರು. ನೇರ ಒಳಗೆ ಹೋಗಿ, ಮಗನ ಹಣೆ ಸವರಿ, ಮದುವೆಯಲ್ಲಿ ಯಾರು ಯಾರು ಬಂದಿದ್ದರೆಂದು ಅವನಿಗೆ ಹೇಳತೊಡಗಿದರು. ಅವನು ತಾಯಿಯ ಮುಖವನ್ನೇ ನೋಡುತ್ತ ಕೇಳುತ್ತಿದ್ದ.